ಬೈಬಲ್ ಮುಚ್ಚಿ ಹತ್ತು ನಿಮಿಷ ಆಗಿರಲ್ಲ

ಪ್ರಶ್ನೆ: ಅಯ್ಯನವರೇ, ದಿನಾ ಬೆಳಿಗ್ಗೆ ಎದ್ದು ಇವತ್ತು ನಿನ್ನ ಚಿತ್ತದಂತೆ ನಡೀತೀನಿ ಸ್ವಾಮಿ ಅಂತ ಪ್ರಾರ್ಥನೆ ಮಾಡ್ತೀನಿ, ಬೈಬಲ್ ಮುಚ್ಚಿ ಹತ್ತು ನಿಮಿಷ ಆಗಿರಲ್ಲ, ಮಗ ಶೂ ಸಿಗ್ತಿಲ್ಲ ಅಂದ ತಕ್ಷಣ ಕಿರುಚಾಡ್ಬಿಡ್ತೀನಿ. ಆಮೇಲೆ ಎರಡ್ಮೂರು ದಿನ ಪ್ರಾರ್ಥನೆಗೆ ಕೂರೋಕೂ ಮುಖ ಇರಲ್ಲ. ವರ್ಷಗಳಿಂದ ಇದೇ ಕತೆ. ನಾನು ನಿಜವಾದ ವಿಶ್ವಾಸಿನಾ? - ಒಬ್ಬ ತಾಯಿ

ಉತ್ತರ: ಸಿಟ್ಟಿನ ವಿಷಯ ಆಮೇಲೆ ನೋಡೋಣ ಸಿಸ್ಟರ್, ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಆ ಎರಡ್ಮೂರು ದಿನ. ಕಿರುಚಿದ್ದು ಒಂದು ನಿಮಿಷ, ದೇವರಿಗೆ ಮುಖ ತಪ್ಪಿಸ್ಕೊಂಡು ಓಡಾಡಿದ್ದು ಮೂರು ದಿನ.

ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯ ತೆಗೀರಿ. ಮಾಡ್ಬೇಕು ಅಂದ್ಕೊಂಡ ಒಳ್ಳೇದು ಮಾಡಲ್ಲ, ಬೇಡ ಅಂದ್ಕೊಂಡಿದ್ದನ್ನೇ ಮಾಡ್ತೀನಿ ಅಂತ ಗೋಳಾಡ್ತಿರೋದು ಆ ಪತ್ರ ಬರೆದ ಸಾಕ್ಷಾತ್ ಅಪೊಸ್ತಲ ಪೌಲ. (ಅದು ಅವನು ಕ್ರಿಸ್ತನನ್ನ ನಂಬೋಕೆ ಮುಂಚಿನ ಸ್ಥಿತಿ ಅಂತ ವಾದಿಸೋ ಪಂಡಿತರಿದ್ದಾರೆ, ಇರ್ಲಿ ಬಿಡಿ, ನನಗಂತೂ ಅದು ನನ್ನ ಸೋಮವಾರ ಬೆಳಿಗ್ಗೆ ಥರಾನೇ ಕಾಣುತ್ತೆ.)

ಆದ್ರೆ ನಿಮಗೆ ಇನ್ನೂ ಹತ್ತಿರದೋನು ಯೇಸುವಿನ ಶಿಷ್ಯ ಪೇತ್ರ. ಎಲ್ಲರೂ ನಿನ್ನ ಬಿಟ್ಟು ಹೋದ್ರೂ ನಾನು ಬಿಡಲ್ಲ ಅಂತ ಯೇಸುಸ್ವಾಮಿಗೆ ಹೇಳಿದೋನು ಅದೇ ರಾತ್ರಿ ಗೆತ್ಸೇಮನೆ ತೋಟದಲ್ಲಿ ಒಂದು ಗಂಟೆ ಎಚ್ಚರ ಇರೋಕಾಗದೆ ನಿದ್ದೆ ಹೋದ, ಕೋಳಿ ಕೂಗೋದ್ರೊಳಗೆ ಮೂರು ಸಲ ಆ ಮನುಷ್ಯ ಯಾರೋ ಗೊತ್ತಿಲ್ಲ ಅಂದ. ಅವನು ಹಾಗೆ ಅಂದಾಗ ಚಳಿ ಕಾಯಿಸ್ಕೊಳ್ತಾ ನಿಂತಿದ್ದು ಇದ್ದಲಿನ ಬೆಂಕಿ ಹತ್ರ, ಯೋಹಾನನ ಸುವಾರ್ತೆ 18ರಲ್ಲಿದೆ. ಮತ್ತೆ 21ನೇ ಅಧ್ಯಾಯದಲ್ಲಿ, ಸತ್ತವರೊಳಗಿಂದ ಎದ್ದು ಬಂದ ಯೇಸುಸ್ವಾಮಿ ಸರೋವರದ ದಡದಲ್ಲಿ ಮೀನಿಟ್ಟಿದ್ದೂ ಇದ್ದಲಿನ ಬೆಂಕಿ ಮೇಲೇ. ಮೂಲ ಗ್ರೀಕ್‌ನಲ್ಲಿ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರೋದು ಈ ಎರಡೇ ಜಾಗದಲ್ಲಿ. ಅದೇ ಕೆಂಡ, ಅದೇ ಹೊಗೆ ವಾಸನೆ, ಪೇತ್ರನಿಗೆ ಹೊಟ್ಟೆಯೊಳಗೆ ಹೇಗಾಗಿರ್ಬೇಡ! ಆದ್ರೆ ಸ್ವಾಮಿ ಯಾಕೋ ಹಂಗ್ ಮಾಡ್ದೆ ಅಂತ ಕೇಳ್ಲೇ ಇಲ್ಲ, ಮೊದಲು ಬನ್ನಿ ಊಟ ಮಾಡಿ ಅಂತ ಎಲ್ಲರನ್ನೂ ಕರೆದ್ರು, ಆಮೇಲೆ ನನ್ನ ಮೇಲೆ ಪ್ರೀತಿ ಇದೆಯಾ ಅಂತ ಪೇತ್ರನನ್ನ ಮೂರು ಸಲ ಕೇಳಿದ್ರು, ಮೂರು ಸಲವೂ ನನ್ನ ಕುರಿ, ಅಂದ್ರೆ ನನ್ನ ಜನರನ್ನ, ನೋಡ್ಕೋ ಅಂತ ಕೆಲಸ ಕೊಟ್ರು. ಇನ್ನೊಂದು ಗಮನಿಸಿ, ದಡದಲ್ಲಿರೋದು ಸ್ವಾಮಿ ಅಂತ ಗೊತ್ತಾದಾಗ ಶಿಷ್ಯರ ದೋಣಿ ದಡಕ್ಕೆ ಬರೀ ಇನ್ನೂರು ಮೊಳ ದೂರ ಇತ್ತು, ಅಷ್ಟೂ ತಡೀಲಾರದೆ ನೀರಿಗೆ ಧುಮುಕಿದೋನು ಅದೇ ಪೇತ್ರ.

ನೀವೂ ಅಷ್ಟೇ, ಮನಸ್ಸು ತಿಳಿಯಾಗ್ಲಿ ಆಮೇಲೆ ಪ್ರಾರ್ಥನೆ ಅಂತ ಕಾಯ್ಬೇಡಿ. ಕಿರುಚಿದ ಜಾಗದಲ್ಲೇ ನಿಂತ್ಕೊಂಡು ತಪ್ಪಾಯ್ತು ಸ್ವಾಮಿ ಅನ್ನಿ, ಸಾಕು. ನಂತರ ಮಗನ ಹತ್ರಾನೂ ಹೇಳಿ. ದೇವರ ಹತ್ರ ಕ್ಷಮೆ ಕೇಳೋದು ನಮಗೆ ಸುಲಭ, ಎಂಟು ವರ್ಷದ ಹುಡುಗನ ಹತ್ರ ಕೇಳೋದು ಕಷ್ಟ, ನನಗೂ ಅಷ್ಟೇ.

ದೇವರ ಕೃಪೆ ಇದೆ ಅಂತ ಪಾಪದಲ್ಲಿ ಬೀಳ್ತಾನೇ ಇರ್ಬಹುದಾ ಅಂತ ಕೆಲವರು ಕೇಳ್ತಾರೆ, ಅದಕ್ಕೆ ಪೌಲ ಅದೇ ರೋಮಾಪುರದವರ ಪತ್ರದ 6ನೇ ಅಧ್ಯಾಯದಲ್ಲೇ ಎಂದಿಗೂ ಇಲ್ಲ ಅಂದಿದ್ದಾನೆ. ನಿಮಗೆ ಆ ಕಾಯಿಲೆ ಇಲ್ಲ, ಇದ್ದಿದ್ರೆ ಈ ಪತ್ರ ಬರೀತಿರ್ಲಿಲ್ಲ.

ಅಂದ ಹಾಗೆ, ಆ ಶೂನ ರಾತ್ರೀನೇ ಬಾಗಿಲ ಹತ್ರ ಇಡಿಸಿಬಿಡಿ. ಗೆತ್ಸೇಮನೆಯಲ್ಲಿ ಸ್ವಾಮಿ ಬರೀ ಪ್ರಾರ್ಥನೆ ಮಾಡಿ ಅನ್ಲಿಲ್ಲ, ಎಚ್ಚರವಾಗಿದ್ದು ಪ್ರಾರ್ಥನೆ ಮಾಡಿ ಅಂದ್ರು.