ತೊಗರಿ ರಾಶಿಗೆ ಹಾಕಿದ ರಜೆ

ಆಕೆಗೆ 34 ವರ್ಷ. ಚಿತ್ತಾಪುರ ಕಡೆಯ ಹಳ್ಳಿ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ 9 ವರ್ಷ 4 ತಿಂಗಳು ಟೇಲರ್, ಶರ್ಟಿಗೆ ಕಾಲರ್ ಕೂಡಿಸುವ ಕೆಲಸ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿದ ಮೇಲೆ ಆರ್ಡರ್ ಇಳಿದವು. ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ಒಂದು ಹೊಲಿಗೆ ಲೈನು, ಕೊನೆಗೆ ಗೇಟಿಗೇ ಬೀಗ.

ಅತ್ತೆಗೆ ಮಾತ್ರ "ತೊಗರಿ ರಾಶಿಗೆ ರಜೆ ಹಾಕಿ ಬಂದೀನಿ" ಎಂದಿದ್ದರು. ಕಲಬುರಗಿಗೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಾಗ ರಾಶಿ ಮುಗಿದು ತಿಂಗಳಾಗಿತ್ತು.

"ನನ್ನ ಕೈ ಸ್ಲೋ ಆಗಿತ್ರಿ ಮೇಡಂ. ಅದಕ್ಕೇ ಹಿಂಗಾತು."

ಇಡೀ ಕಾರ್ಖಾನೆ ಮುಚ್ಚಿದೆ, ಈಕೆ ತನ್ನ ಕೈಯನ್ನು ಬಯ್ಯುತ್ತಿದ್ದಾರೆ! ಮಾತಾಡುವಾಗ ಸೆರಗಿನ ಅಂಚನ್ನು ಮಡಚಿ ಮಡಚಿ ಮುಂದಕ್ಕೆ ತಳ್ಳುತ್ತಿದ್ದರು, ಎದುರಿಗೆ ಮಷಿನ್ ಇರುವ ಹಾಗೆ.

"ಪಕ್ಕದ ಮಷಿನ್‌ನಾಕೆ ಹೇಗೆ?"

"ಆಕಿ ಭಾಳ ಫಾಸ್ಟ್ ರೀ."

"ಆಕೆಯ ಕೆಲಸ ಉಳೀತಾ?"

"ಆಕಿದೂ ಹೋಯ್ತ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅತ್ತರು.

ಉಸಿರಾಟದ ಅಭ್ಯಾಸ ಹೇಳಿಕೊಡಬಹುದಿತ್ತು. ಆದರೆ ಸಂಘದ ಸಾಲದ ಕಂತು ಕಟ್ಟಬೇಕಾದವರಿಗೆ ನಿದ್ದೆ ಬರಲು ಮೊದಲು ಲೆಕ್ಕ ಬೇಕು, ಅಲ್ವಾ? ಪೇಪರ್ ತೆಗೆದೆ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 13,000. ಅದನ್ನು ತಿಂಗಳ 26 ಕೆಲಸದ ದಿನದಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ 9 ವರ್ಷಕ್ಕೆ ಗುಣಿಸಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡಿಗಂಟು, 67,500. ಕಂಪನಿಯವರು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರಿಂದ ಎಲ್ಲ ಹೋಯಿತು ಅಂದುಕೊಂಡಿದ್ದರು. 5 ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಬರುತ್ತದೆ. ಕಾರ್ಖಾನೆ ಮುಚ್ಚಿದ್ದಕ್ಕೆ ಸಿಗಬೇಕಾದ ಪರಿಹಾರಕ್ಕೆ ಮಾತ್ರ ಆ ಸಹಿ ತೊಡಕು. ಅದಕ್ಕೆ ಜೊತೆಯವರೊಂದಿಗೆ ಸೇರಿ ಕಾರ್ಮಿಕ ಇಲಾಖೆಗೆ ಹೋಗಲು ಹೇಳಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಉಚಿತ.

ಮೈದುನ ಪಿಎಫ್ ಪೂರ್ತಿ ತೆಗೆಸಲು ಅವಸರ ಮಾಡುತ್ತಿದ್ದ. ಪೆನ್ಶನ್ ಭಾಗ ಮುಟ್ಟಬೇಡಿ, ಸ್ಕೀಮ್ ಸರ್ಟಿಫಿಕೇಟ್ (ಈವರೆಗಿನ ಸೇವೆಯನ್ನು ಪೆನ್ಶನ್‌ಗೆ ಲೆಕ್ಕದಲ್ಲಿ ಉಳಿಸುವ ಪತ್ರ) ತಗೊಳ್ಳಿ ಎಂದೆ. ಮುಂದೆ ಪಿಎಫ್ ಇರುವ ಕೆಲಸ ಸಿಕ್ಕಿ ಹಳೆಯದೂ ಸೇರಿ ಒಟ್ಟು 10 ವರ್ಷ ತುಂಬಿದರೆ, 58ನೇ ವಯಸ್ಸಿಗೆ ಪೆನ್ಶನ್ ಉಂಟು.

ಇನ್ನು ಅತ್ತೆಗೆ ಹೇಳುವ ಮಾತು. "ಫ್ಯಾಕ್ಟ್ರಿ ಮುಚ್ಯಾದ, ಕೆಲಸ ಹೋಗ್ಯಾದ" ಅಂತ ನನ್ನೆದುರೇ ಹೇಳಿಸಿದೆ. ಎರಡು ಸಲ ಕೊನೆಗೆ "ನಂದೇ ತಪ್ಪು" ಸೇರಿಕೊಂಡಿತು. ಮೂರನೇ ಸಲ ಸೇರಲಿಲ್ಲ.

ಹದಿನೈದು ದಿನ ಬಿಟ್ಟು ಬಂದರು. ಅತ್ತೆಗೆ ಮೊದಲೇ ಗೊತ್ತಿತ್ತಂತೆ. "ರಜೆಗೆ ಬಂದಾಕಿ ಹಾಸಿಗಿ, ಗ್ಯಾಸ್ ಒಲಿ ಹೊತ್ಕೊಂಡು ಬರ್ತಾಳೇನು?" ಅಂದರಂತೆ. ಗ್ರಾಚ್ಯುಟಿ ಅರ್ಜಿಯ ಸ್ಪೀಡ್ ಪೋಸ್ಟ್ ರಸೀದಿಯನ್ನು ಪರ್ಸಿನಿಂದ ತೆಗೆದು ತೋರಿಸಿ, ಮತ್ತೆ ನಾಲ್ಕು ಮಡಿಕೆ ಮಾಡಿ ಒಳಗಿಟ್ಟರು.