ನ್ಯಾರೋ ಗೇಜ್ (ಹಳಿಗಳ ನಡುವಿನ ಅಗಲ ಕಮ್ಮಿ ಇರುವ) ಮಾಡೆಲ್ ರೈಲಿನಲ್ಲಿ ಹೊಸದಾಗಿ ಯಾವ ಎಂಜಿನ್, ಯಾವ ಡಬ್ಬಿ ಬರಬೇಕು?

ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಡಾರ್ಜಿಲಿಂಗ್ ರೈಲಿನ ಬಿ ಕ್ಲಾಸ್ ಉಗಿ ಎಂಜಿನ್, ಅದೂ ಡಬಲ್ ಓ ನೈನ್ ಅಳತೆಯಲ್ಲಿ. 1889ರಲ್ಲಿ ಶುರುವಾದ, ನಾಲ್ಕೇ ಚಕ್ರದ ಪುಟ್ಟ ಎಂಜಿನ್ ಅದು. ಈ ಅಳತೆಯಲ್ಲಿ ಮಾಡೆಲ್ ಅಂದರೆ ಅಸಲಿನ 76ರಲ್ಲಿ ಒಂದು ಭಾಗ. ಡಾರ್ಜಿಲಿಂಗ್ ರೈಲಿನ ಎರಡು ಅಡಿ ಗೇಜಿಗೆ ಲೆಕ್ಕ ಹಾಕಿದರೆ ಮಾಡೆಲ್ ಹಳಿಗಳ ನಡುವಿನ ಅಗಲ ಸುಮಾರು 8 ಮಿ.ಮೀ. ಆಗಬೇಕು, ಆದರೆ 9 ಮಿ.ಮೀ. ಇಡುತ್ತಾರೆ, ಯಾಕಂದರೆ 9 ಮಿ.ಮೀ. ಹಳಿಯದೇ ಇನ್ನೊಂದು ಮಾಡೆಲ್ ಅಳತೆಯಾದ ಎನ್ ಗೇಜಿನ ಚಕ್ರ, ಗೇರು, ಮೋಟಾರು ಬಳಸಿಕೊಳ್ಳಬಹುದು, ಖರ್ಚೂ ಕಡಿಮೆ ಅಲ್ವಾ. ಇಷ್ಟು ಚಿಕ್ಕ ಎಂಜಿನ್ನಿನಲ್ಲಿ ಮೋಟಾರಿಗೆ ಜಾಗ ಮಾಡೋದೇ ಕಷ್ಟ, ತೂಕ ಕಮ್ಮಿಯಾದರೆ ಏರಿನಲ್ಲಿ ಚಕ್ರ ಸುಮ್ನೆ ಜಾರುತ್ತೆ. ಮುಂದಿನ ಬಫರ್ ಹತ್ತಿರ ಕೂತು, ಚಕ್ರ ಜಾರದಂತೆ ಹಳಿಗೆ ಕೈಯಿಂದಲೇ ಮರಳು ಹಾಕುವ ಇಬ್ಬರ ಗೊಂಬೆಗಳು ಪೆಟ್ಟಿಗೆಯಲ್ಲೇ ಬರಬೇಕು, ಅವರಿಲ್ಲದೆ ಆ ಎಂಜಿನ್ ಪೂರ್ತಿ ಅನ್ನಿಸಲ್ಲ. ಡಬ್ಬಿಗಳಲ್ಲಿ ಎರಡು ಪ್ಯಾಸೆಂಜರ್ ಬೋಗಿ ಸಾಕು.