ಗ್ಯಾರೇಜಿನವರಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ

ಹಳೆಯ ಸ್ಪೋರ್ಟ್ಸ್ ಕಾರಿನ ಕಾರಣಕ್ಕೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದ ಮೂರನೇ ದಂಪತಿ ಇವರು. ಮೊದಲ ದಂಪತಿಗೆ ನಾನು ಕೊಟ್ಟ ಸಲಹೆ ತಪ್ಪು ಎಂದು ಈಗ ಅನ್ನಿಸುತ್ತಿದೆ. ಇದನ್ನು ಬರೆಯಲು ಅದೇ ಕಾರಣ. ಹೆಸರು, ವೃತ್ತಿ, ಊರು ಎಲ್ಲ ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ.

ಸತೀಶ್ ಎನ್ನೋಣ. ವಯಸ್ಸು ನಲವತ್ತರ ಹತ್ತಿರ, ಒಳ್ಳೆಯ ಸಂಬಳ, ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್, ಒಬ್ಬಳೇ ಮಗಳು. 2022ರಲ್ಲಿ ದೆಹಲಿಯಿಂದ ಹತ್ತು ವರ್ಷ ಹಳೆಯ, ಎರಡು ಸೀಟಿನ ವಿದೇಶಿ ಕಾರೊಂದನ್ನು ಹದಿನೆಂಟೂವರೆ ಲಕ್ಷಕ್ಕೆ ತಂದರು. ಹೊಸದರಲ್ಲಿ ಅದರ ಬೆಲೆ ಇದರ ಎರಡೂವರೆ ಪಟ್ಟು. ಹೆಂಡತಿ ಮಮತಾ ಅವರಿಗೆ ಹೇಳಿದ್ದು ಹನ್ನೆರಡು ಲಕ್ಷ. ಆಮೇಲೆ ಸೈಟಿಗೆಂದು ಇಬ್ಬರೂ ಸೇರಿ ಕಟ್ಟುತ್ತಿದ್ದ ಚೀಟಿಯನ್ನು ಸತೀಶ್ ಕೂಗಿ ಎತ್ತಿಕೊಂಡಿದ್ದರು. ಅದು ಮಮತಾಗೆ ತಿಳಿದದ್ದು ಚೀಟಿಯವರ ಹೆಂಡತಿ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ. ಮಾತು ನಿಂತುಹೋಯಿತು. ನನ್ನಲ್ಲಿಗೆ ಕರೆತಂದದ್ದು ಮಮತಾ ಅವರ ಅಣ್ಣ.

ಮೊದಲ ಎರಡು ಭೇಟಿಗಳಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ಸತೀಶ್ ತಲೆ ತಗ್ಗಿಸಿ "ತಪ್ಪಾಯ್ತು" ಅನ್ನುತ್ತಿದ್ದರು, ಮಮತಾ ಕಿಟಕಿಯ ಕಡೆ ನೋಡುತ್ತಿದ್ದರು. ಮೂರನೇ ಸಲ ನಾನು ತಪ್ಪಿನ ಮಾತು ಬಿಟ್ಟು, "ಆ ಕಾರಿಗೆ ಏನಾಗಿದೆ, ನನಗೆ ಅರ್ಥ ಆಗೋ ಹಾಗೆ ಹೇಳಿ" ಎಂದೆ.

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಎರಡನೇ ಗೇರ್‌ಗೆ ಬೀಳೋವಾಗ ಟಕ್ ಅಂತ ಒಂದು ಏಟು ಮೇಡಂ. ಬೆಳಗ್ಗೆ ಇರಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ತೆವಳಿದ ಮೇಲೆ ಶುರು." ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಅದು, ಟ್ರಾಫಿಕ್‌ನಲ್ಲಿ ಇಂಚಿಂಚು ಸರಿಯುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತದೆ, ಅದರ ಆಯಿಲ್ ಕಾಲಕಾಲಕ್ಕೆ ಬದಲಿಸಲೇಬೇಕು, ಹಿಂದಿನ ಮಾಲೀಕ ಬದಲಿಸಿದ ದಾಖಲೆ ಇರಲಿಲ್ಲ ಎಂದು ವಿವರಿಸಿದರು. ಫೋನ್ ತೆಗೆದು ಟೈರಿನ ಫೋಟೊ ತೋರಿಸಿದರು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ: 2316. 2016ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. "ಗಾಡಿ ನಿಂತೇ ಇತ್ತು, ಟೈರ್ ಸವೆದಿರಲಿಲ್ಲ. ಆದ್ರೆ ರಬ್ಬರ್ ಕಲ್ಲಾಗಿತ್ತು, ನಾಲ್ಕೂ ಬದಲಿಸಿದೆ." ಮೊದಲು ಪೋರ್ಷೆ ತೆಗೆದುಕೊಳ್ಳುವ ಆಸೆಯಿತ್ತಂತೆ. 1997ರಿಂದ 2008ರ ಸುಮಾರಿನ ತನಕದ ಹಲವು ಎಂಜಿನ್‌ಗಳಲ್ಲಿ ಐಎಂಎಸ್ ಬೇರಿಂಗ್ ಎಂಬ ಸಣ್ಣ ಭಾಗವಿದೆ, ಅದು ಒಡೆದರೆ ಇಡೀ ಎಂಜಿನ್ ಹೋಗುವ ಅಪಾಯವಿದೆ ಎಂದು ಓದಿ ತಿಳಿದುಕೊಂಡು ಬಿಟ್ಟಿದ್ದರು.

ಇಪ್ಪತ್ತು ನಿಮಿಷ ಮಾತಾಡಿರಬೇಕು. ಕಣ್ಣಿನಲ್ಲಿ ಹೊಳಪು, ಗೇರಿನ ಏಟು ತೋರಿಸಲು ಅಂಗೈ ಮೇಲೆ ಮುಷ್ಟಿ ಗುದ್ದುತ್ತಿದ್ದರು. ಮಮತಾ ಕಿಟಕಿ ಬಿಟ್ಟು ಗಂಡನ ಬಾಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು:

"ಇವರು ಇಷ್ಟು ಮಾತಾಡೋದು ಕೇಳಿ ಎಷ್ಟು ದಿನ ಆಯ್ತೋ. ಕಾರಿನ ಮೇಲೆ ನನಗೆ ಸಿಟ್ಟಿಲ್ಲ ಮೇಡಂ. ಗ್ಯಾರೇಜಿನವರಿಗೆ ನಮ್ಮ ಸಾಲ ಎಷ್ಟು ಅಂತ ಗೊತ್ತು, ಚೀಟಿ ಎತ್ತಿದ್ದು ಗೊತ್ತು, ಮುಂದಿನ ತಿಂಗಳು ಎಷ್ಟು ಕೊಡ್ತಾರೆ ಅನ್ನೋದೂ ಗೊತ್ತು. ನನಗೆ ಮಾತ್ರ ಗೊತ್ತಿಲ್ಲ."

ಸತೀಶ್ ಮುಷ್ಟಿ ಹಾಗೇ ನಿಂತಿತು. ನಾನೂ ಸುಮ್ಮನಿದ್ದೆ. ಬಹಳ ಹೊತ್ತಿನ ಮೇಲೆ ಸತೀಶ್, "ಅವರು ಬೈಯಲ್ಲ ಅಲ್ವಾ, ಅದಕ್ಕೆ" ಎಂದರು. "ನಾನು ಬೈತೀನಿ ಅಂತ ನೀವೇ ಅಂದ್ಕೊಂಡ್ರಿ. ಕೇಳಿ ನೋಡಿದ್ರಾ?" ಎಂದರು ಮಮತಾ.

ಅಂದು ಲೆಕ್ಕ ಬರೆಸಿದೆ. ಪ್ಲಾಸ್ಟಿಕ್ ಕವರಿನಲ್ಲಿದ್ದ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ, ಓದುವುದು ಸತೀಶ್, ಬರೆಯುವುದು ಮಮತಾ. ಇಲ್ಲಿ ನೋಂದಾಯಿಸಲು ಕಟ್ಟಿದ ಲೈಫ್ ಟ್ಯಾಕ್ಸ್ ಮೂರೂಮುಕ್ಕಾಲು ಲಕ್ಷ, ಗೇರ್‌ಬಾಕ್ಸ್ ಮೂರು ಲಕ್ಷದ ಇಪ್ಪತ್ತು ಸಾವಿರ, ಟೈರ್ ಒಂದು ಲಕ್ಷದ ಹತ್ತು ಸಾವಿರ, ಇನ್ಶೂರೆನ್ಸ್ ಒಂದು ಲಕ್ಷದ ಮೂವತ್ತು ಸಾವಿರ, ಹಂಪ್‌ಗಳಿಗೆ ತಳ ಬಡಿದು ಹಾಳಾದ ಸಸ್ಪೆನ್ಷನ್ನಿಗೆ ಎಂಬತ್ತೈದು ಸಾವಿರ, ಬ್ಯಾಟರಿ ಮತ್ತು ಎಸಿಗೆ ನಲವತ್ತು ಸಾವಿರ. ಇಪ್ಪತ್ತಾರು ತಿಂಗಳಲ್ಲಿ ಪೆಟ್ರೋಲ್ ಬಿಟ್ಟು 10,60,000 ರೂಪಾಯಿ. ಓಡಿದ್ದು 2,650 ಕಿಲೋಮೀಟರ್, ಹೆಚ್ಚಿನದು ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಕಡೆಗೆ. ಭಾಗಿಸಿದ್ದು ಮಮತಾ. ಕಿಲೋಮೀಟರಿಗೆ ನಾನೂರು ರೂಪಾಯಿ ಎಂದು ಬರೆದು ಪೆನ್ ಕೆಳಗಿಟ್ಟರು. ಕೂಗಾಡಲಿಲ್ಲ.

ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದರು: ನಮ್ಮದು ಮನಸ್ಸಿನ ಕೆಲಸ, ಬಿಲ್ಲು ಕೂಡಿಸುವುದಲ್ಲ. ನಾನು ಒಪ್ಪುವುದಿಲ್ಲ. ಸುಳ್ಳು ಅಡಗಿದ್ದು ಅಂಕಿಯಲ್ಲಿ. ಅಂಕಿಯನ್ನು ಮುಟ್ಟದೆ ನಂಬಿಕೆಯ ಬಗ್ಗೆ ಎಷ್ಟು ಮಾತಾಡಿದರೂ ಮನೆಗೆ ಹೋದ ಮೇಲೆ ಅದೇ ಅನುಮಾನ. ಮಮತಾ ಅವರ ಅಣ್ಣನಿಗೂ ನನ್ನ ಮೇಲೆ ಬೇಸರ. "ಮೊದಲು ಮಾರಿಸಿ ಮೇಡಂ" ಎಂದು ಎರಡು ಸಲ ಫೋನ್ ಮಾಡಿದ್ದರು. ಮೊದಲ ದಂಪತಿಗೆ ನಾನು ಹೇಳಿದ್ದು ಅದನ್ನೇ. ಅವರು ಮಾರಿದರು, ವರ್ಷ ಕಳೆಯುವುದರೊಳಗೆ ಆ ಗಂಡ ಇನ್ನೊಂದು ಹಳೆಯ ಕಾರನ್ನು ಗೆಳೆಯನ ಹೆಸರಿನಲ್ಲಿ ಕೊಂಡು ಗೆಳೆಯನ ಮನೆಯಲ್ಲೇ ನಿಲ್ಲಿಸಿದ್ದ. ಕಾರು ಹೋಗಿತ್ತು, ಮುಚ್ಚಿಡುವುದು ಹೋಗಿರಲಿಲ್ಲ. ಆ ಹೆಂಡತಿಯ ಮುಖ ನನಗೆ ಈಗಲೂ ಕಾಡುತ್ತದೆ.

ಆದ್ದರಿಂದ ಸತೀಶ್‌ಗೆ ಆರು ತಿಂಗಳು ಮಾರುವ ತೀರ್ಮಾನ ಬೇಡ ಎಂದೆ. ಲೆಕ್ಕದ ಪುಸ್ತಕ ಮಮತಾ ಕೈಯಲ್ಲಿ. ಕಾರಿಗೆ ಬೇರೆ ಖಾತೆ, ಇಬ್ಬರೂ ಒಪ್ಪಿದ ತಿಂಗಳ ಮೊತ್ತ. ಅದರಲ್ಲಿ ಹಣವಿಲ್ಲದಿದ್ದರೆ ಕಾರು ಬೇಸ್‌ಮೆಂಟಿನಲ್ಲೇ ನಿಲ್ಲಲಿ. ಅದಕ್ಕಾಗಿ ಒಂದು ರೂಪಾಯಿ ಸಾಲವೂ ಕೂಡದು. ಗ್ಯಾರೇಜಿಗೆ ಇಬ್ಬರೂ ಒಟ್ಟಿಗೆ ಹೋಗಬೇಕು. ಈ ಕೊನೆಯದಕ್ಕೆ ಸತೀಶ್ ಎಲ್ಲಕ್ಕಿಂತ ಹೆಚ್ಚು ಹಿಂಜರಿದರು, ಅದಕ್ಕೇ ನಾನು ಹಟ ಹಿಡಿದೆ.

ಇಂಥ ಕಾರಿನ ಆಸೆಯಲ್ಲಿರುವ ಓದುಗರಿಗೆ ಒಂದು ಮಾತು. ಆಸೆ ತಪ್ಪಲ್ಲ. ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಬಿಡಿಭಾಗ ಇಂದಿಗೂ ಐವತ್ತು ಲಕ್ಷದ ಕಾರಿನದೇ. ದೆಹಲಿಯಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷದ ಮಿತಿ ಬಂದಿದ್ದರಿಂದ ಸತೀಶ್ ಕೊಂಡಾಗ ಅಲ್ಲಿ ಹಳೆಯ ಗಾಡಿಗಳು ಅಗ್ಗವಾಗಿದ್ದವು. ಆದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ನೋಂದಾಯಿಸುವಾಗ ಕರ್ನಾಟಕದ ತೆರಿಗೆಯನ್ನು ನೀವು ಕೊಟ್ಟ ಬೆಲೆಯ ಮೇಲೆ ಹಾಕುವುದಿಲ್ಲ, ಹೊಸದರಲ್ಲಿದ್ದ ಬೆಲೆ ಹಿಡಿದು ವಯಸ್ಸಿಗೆ ತಕ್ಕಂತೆ ಇಳಿಸಿ ಹಾಕುತ್ತಾರೆ. ಸತೀಶ್ ಎಡವಿದ್ದು ಅಲ್ಲೇ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದನ್ನೂ ಮರೆಯಬೇಡಿ. ಸೀಟಿನ ಕೆಳಗಿನ ಕಂಬಿಗೆ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಕೆಸರು ಇದೆಯೇ ಎಂದು ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ. ಮಾರುವವರ ಮಾತಿಗಿಂತ ಸರ್ವಿಸ್ ದಾಖಲೆ ಕೇಳಿ. ಮುಖ್ಯವಾಗಿ, ಅಡ್ವಾನ್ಸ್ ಕೊಡುವ ಮೊದಲು ಮನೆಯವರ ಎದುರು ಕೂತು ಪೂರ್ತಿ ಮೊತ್ತವನ್ನು ಗಟ್ಟಿಯಾಗಿ ಹೇಳಿ. ಹೇಳಲು ಬಾಯಿ ಬರದಿದ್ದರೆ ಆ ಕಾರು ಅಂದು ಬೇಡ.

ಏಳನೇ ತಿಂಗಳಲ್ಲಿ ಇಬ್ಬರೂ ಬಂದಿದ್ದರು. ಮಮತಾ ಪುಸ್ತಕ ತೆರೆದು ತೋರಿಸಿದರು. ಕೊನೆಯ ಪುಟದಲ್ಲಿ ಅವರ ಅಕ್ಷರ: "ಮುಂದಿನ ಎಡಗಡೆ ಲೊಟಲೊಟ ಶಬ್ದ, ನನಗೂ ಕೇಳಿಸಿತು. ಸಸ್ಪೆನ್ಷನ್ ಲಿಂಕ್ ಎರಡು, 7,800." ಅದರ ಕೆಳಗೆ ಸತೀಶ್ ಅಕ್ಷರ: "ಚೀಟಿ ಬಾಕಿ 11 ಕಂತು." ಕಾರು ಇನ್ನೂ ಬೇಸ್‌ಮೆಂಟಿನಲ್ಲಿದೆ. ಮಾರಬೇಕೋ ಬೇಡವೋ ಎಂದು ಅವರಿಬ್ಬರೂ ಇನ್ನೂ ಮಾತಾಡುತ್ತಿದ್ದಾರೆ.